ಕೆರೆ ಸೀಮೆಯವರು ಮೀನು ನೋಡಲು ಹೋದದ್ದು

ನಮ್ಮ ಕೆಂಚಾರ್ಲಹಳ್ಳಿಯವರಿಗೆ ಹತ್ತಿರದ ಸಮುದ್ರ ಮಂಗಳೂರಿನದಲ್ಲ, ಕಾರವಾರದ್ದಂತೂ ಅಲ್ಲವೇ ಅಲ್ಲ, ಮದ್ರಾಸಿನದು. ಚಿಂತಾಮಣಿಗೆ ಬಂದು, ಶ್ರೀನಿವಾಸಪುರ, ಮುಳಬಾಗಿಲು ದಾಟಿ, ಪಲಮನೇರು, ಚಿತ್ತೂರು, ರಾಣಿಪೇಟೆ, ಕಾಂಚೀಪುರದ ಮೇಲೆ ಹೋದರೆ 300 ಕಿಲೋಮೀಟರಿನ ಆಚೀಚೆ. ನಮ್ಮ ಕಡೆ ಬಿದ್ದ ಮಳೆಯೂ ಅದೇ ದಿಕ್ಕು ಹಿಡಿಯುತ್ತದೆ. ಚಿಂತಾಮಣಿ ಸೀಮೆಯ ತಲಗವಾರದ ಬಳಿ ಹುಟ್ಟುವ ಪಾಲಾರ್ ಬೇತಮಂಗಲದ ಕೆರೆ ಹಾದು, ತಮಿಳುನಾಡಿಗೆ ಇಳಿದು, ಚೆನ್ನೈಗೆ ದಕ್ಷಿಣದಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಪಾಪಘ್ನಿ ಕಡಪ ಜಿಲ್ಲೆಯಲ್ಲಿ ಪೆನ್ನಾರ್ ನದಿಗೆ ಕೂಡಿ ನೆಲ್ಲೂರಿನ ಆಚೆ ಕಡಲಿಗೆ ಬೀಳುತ್ತದೆ. ಭೂಗೋಳದ ಪಾಠದಲ್ಲಿ ಇದು ಇಷ್ಟೇ ಸರಾಗ. ಆದರೆ ಬಿದ್ದ ನೀರು ಹಾಗೆ ಹರಿದು ಹೋಗಬಾರದೆಂದೇ ನಮ್ಮ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಮೇಲಿಂದ ಕೆಳಕ್ಕೆ ಕೆರೆ ಕಟ್ಟುತ್ತಾ ಬಂದರು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಸೀಮೆ ಬದುಕಿದ್ದೇ ಆ ಕೆರೆಗಳಿಂದ.

ಇಂಥ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಮತ್ಸ್ಯಾಲಯ ನೋಡಲು ಹೋಗಿ ಬರುವುದರ ಬಗ್ಗೆ ಬರೆಯುತ್ತಿದ್ದೇನೆ. ಆಗ ಹೋದದ್ದು ಮಗುವಾಗಿ, ಈಗ ಅಪ್ಪನಾಗಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅಂದಿನದೇ ಚೆಂದ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬಹಳ ವಿಷಯದಲ್ಲಿ ಇಂದಿನದೇ ಮೇಲು. ಒಂದು ಕಡೆ ಮಾತ್ರ ನಮ್ಮ ಮಕ್ಕಳಿಗೆ ನಷ್ಟವಾಗಿದೆ. ಅದು ಮೀನಿನ ಮಾತಲ್ಲ, ನೀರಿನ ಮಾತು.

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಕಸ್ತೂರಬಾ ರಸ್ತೆಯ ಕಡೆಗೆ, ಮೀನುಗಾರಿಕೆ ಇಲಾಖೆಯ ಮತ್ಸ್ಯಾಲಯ ತೆರೆದದ್ದು 1983ರಲ್ಲಿ. ಹರಳಿನ ಆಕಾರದ ಕಟ್ಟಡ. ದೇಶದಲ್ಲೇ ಎರಡನೆಯ ದೊಡ್ಡದು ಎಂಬ ಮಾತು ನಮ್ಮ ಪ್ರೈಮರಿ ಶಾಲೆಯ ತನಕ ಬಂದಿತ್ತು. ನಾವು ಹೋದದ್ದು ಅದಾದ ಕೆಲವು ವರ್ಷಕ್ಕೆ. ಸಮುದ್ರ ನೋಡಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ತಿರುಪತಿಯ ತನಕ ಹೋಗಿ ಬಂದವರಿದ್ದರು, ಅಲ್ಲಿಂದ ಮುಂದಕ್ಕೆ ಹೋಗುವ ಕೆಲಸ ಯಾರಿಗೂ ಬಿದ್ದಿರಲಿಲ್ಲ. ಹಾಗಾಗಿ ಮಕ್ಕಳಿಗೆ ಮೀನು ತೋರಿಸುವುದು ಎಂದರೆ ಬೆಂಗಳೂರೇ.

ರೇಷ್ಮೆ ಸಾಕುವ ಮನೆಯಲ್ಲಿ ಎಲ್ಲಿಗೆ ಹೊರಡಬೇಕಾದರೂ ಹುಳುವಿನ ಲೆಕ್ಕ ನೋಡಬೇಕು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು, ಒಬ್ಬರೂ ಮನೆ ಬಿಡುವ ಹಾಗಿಲ್ಲ. ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಮಾರಿ, ಹುಳುಮನೆ ತೊಳೆದು, ಮುಂದಿನ ಬೆಳೆಯ ಚಾಕಿ ಹುಳು ತರುವ ಮುಂಚೆ ಸಿಕ್ಕುವ ಬಿಡುವಿನಲ್ಲಿ ಮದುವೆ, ಜಾತ್ರೆ, ನೆಂಟರ ಮನೆ ಎಲ್ಲ ಮುಗಿಸಬೇಕು. ಆ ಸಲ ಗೂಡಿಗೆ ಒಳ್ಳೆಯ ರೇಟು ಸಿಕ್ಕಿತ್ತು. ಅಪ್ಪ ಮಾರುಕಟ್ಟೆಯಿಂದ ಬಂದವರೇ ನಾಳಿದ್ದು ಬೆಂಗಳೂರಿಗೆ ಹೋಗೋಣ ಎಂದರು.

ಅಮ್ಮ ಕತ್ತಲಲ್ಲೇ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನವನ್ನು ಬೇರೆ ಡಬ್ಬಿಗೆ ಹಾಕಿದರು. ನಾನು, ತಂಗಿ, ಸೊಂಟದ ಮೇಲೆ ತಮ್ಮ. ತಮ್ಮನಿಗೆ ಬೇಕಾದ ಬಟ್ಟೆ ಒಂದು ಚೀಲ, ಊಟದ್ದು ಒಂದು ಚೀಲ, ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು. ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಹೊಸಕೋಟೆ, ಕೃಷ್ಣರಾಜಪುರದ ಮೇಲೆ ಮೆಜೆಸ್ಟಿಕ್ಕಿಗೆ. ತಂಗಿ ದಾರಿಯುದ್ದಕ್ಕೂ ವಾಂತಿ ಮಾಡಿದಳು. ಮೆಜೆಸ್ಟಿಕ್ಕಿನಲ್ಲಿ ಅಮ್ಮನಿಗೆ ಶೌಚಾಲಯ ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯಿತು.

ನಾವು ಇಳಿದ ಆ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಕಬ್ಬನ್ ಪಾರ್ಕಿನ ಮಗ್ಗುಲಲ್ಲೇ ಸಂಪಂಗಿ ಕೆರೆ ಇತ್ತು. ಅದರ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಕೆರೆ ತುಂಬಿದ್ದ ಹಳ್ಳಿಯಿಂದ ಹೊರಟು, ಕೆರೆ ಮುಚ್ಚಿ ಕಟ್ಟಿದ ನಿಲ್ದಾಣದಲ್ಲಿ ಇಳಿದು, ಇನ್ನೊಂದು ಮುಚ್ಚಿದ ಕೆರೆಯ ಹತ್ತಿರಕ್ಕೆ ಮೀನು ನೋಡಲು ನಡೆದಿದ್ದೆವು. ಅಪ್ಪನಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ನಿಂತು ತೂಬು ಎಲ್ಲಿತ್ತು, ಕೋಡಿ ಯಾವ ಕಡೆ ಎಂದು ಖಂಡಿತ ಯಾರನ್ನಾದರೂ ಕೇಳುತ್ತಿದ್ದರು.

ಮತ್ಸ್ಯಾಲಯದೊಳಗೆ ಕತ್ತಲು. ಗೋಡೆಯೊಳಗೆ ಕೂರಿಸಿದ ತೊಟ್ಟಿಗಳಿಗೆ ಮಾತ್ರ ಬೆಳಕು. ಗೋಲ್ಡ್ ಫಿಶ್, ಏಂಜೆಲ್, ಒಂದೊಂದನ್ನೇ ಬೇರೆ ಇಟ್ಟಿದ್ದ ಫೈಟರ್. ತೊಟ್ಟಿಯ ತಳದಿಂದ ಗುಳ್ಳೆಗಳು ಸಾಲಾಗಿ ಮೇಲೇಳುತ್ತಿದ್ದವು. ಮೀನಿಗಿಂತ ಹೆಚ್ಚು ಹೊತ್ತು ನಾನು ಅವನ್ನೇ ನೋಡಿದೆ. ಅಷ್ಟರಲ್ಲಿ ಮುಂದಿನ ತೊಟ್ಟಿಯಿಂದ ಅಪ್ಪ ಜೋರಾಗಿ ಕರೆದರು. "ಬನ್ರೋ ಇಲ್ಲಿ, ನಮ್ಮ ಕಟ್ಲಾ!"

ನಮ್ಮ ಕೆರೆಯಲ್ಲಿ ಬಿಡುತ್ತಿದ್ದ ಅದೇ ಕಟ್ಲಾ. ತಲೆ ದೊಡ್ಡದು, ಬಾಯಿ ಮೇಲಕ್ಕೆ. ಮೇಲುಗಡೆ ನೀರಿನಲ್ಲಿ ತೇಲುವ ಮೇವು ತಿನ್ನುವುದಕ್ಕೇ ಬಾಯಿ ಹಾಗಿದೆ ಎಂದು ಅಪ್ಪ ವಿವರಿಸಿದರು. ರೋಹು ನಡುನೀರಿನದು, ಮೃಗಾಲ್ ತಳದ್ದು. ಮೂರನ್ನೂ ಒಂದೇ ಕೆರೆಗೆ ಬಿಟ್ಟರೆ ಒಂದರ ಮೇವಿಗೆ ಇನ್ನೊಂದು ಬರುವುದಿಲ್ಲ. ಪಕ್ಕದಲ್ಲಿ ನಿಂತಿದ್ದ ಪೇಟೆಯ ಮಕ್ಕಳೂ ತಿರುಗಿ ಕೇಳಿಸಿಕೊಂಡರು.

ಆದರೆ ಅಪ್ಪನೂ ಅವತ್ತೇ ಮೊದಲ ಸಲ ಕಟ್ಲಾ ಈಜುವುದನ್ನು ನೋಡಿದ್ದು. ಇದನ್ನು ಅವರೇ ಆಮೇಲೆ ಹೇಳಿದರು. ನಮ್ಮ ಕೆರೆಯ ನೀರು ಕೆಮ್ಮಣ್ಣಿನದು. ಮೊಣಕಾಲು ಮುಳುಗಿದರೆ ಪಾದ ಕಾಣುವುದಿಲ್ಲ. ಮೀನು ಅಲ್ಲಿ ಕೈಗೆ, ಕಾಲಿಗೆ, ಬಲೆಯ ಭಾರಕ್ಕೆ ತಿಳಿಯುತ್ತಿತ್ತೇ ಹೊರತು ಕಣ್ಣಿಗಲ್ಲ. ಕಣ್ಣಿಗೆ ಬೀಳುವ ಹೊತ್ತಿಗೆ ಅದು ದಡದ ಮೇಲೆ ಒದ್ದಾಡುತ್ತಿರುತ್ತಿತ್ತು. ಕಿವಿರು ಹೇಗೆ ತೆರೆದು ಮುಚ್ಚುತ್ತದೆ, ನಿಂತಲ್ಲೇ ನಿಲ್ಲಲು ಪಕ್ಕದ ರೆಕ್ಕೆ ಎಷ್ಟು ಸಣ್ಣಗೆ ಆಡುತ್ತದೆ ಎಂಬುದನ್ನು ತೋರಿಸಿದ್ದು ಗಾಜು. ಹಳ್ಳಿಯವರಿಗೆ ಎಲ್ಲ ಗೊತ್ತಿರುತ್ತದೆ, ಪೇಟೆಯ ಪ್ರದರ್ಶನ ಅವರಿಗೆ ಏನೂ ಅಲ್ಲ ಎನ್ನುವವರ ಮಾತನ್ನು ನಾನು ಒಪ್ಪದೆ ಇರುವುದಕ್ಕೆ ಅಪ್ಪ ಆ ತೊಟ್ಟಿಯ ಮುಂದೆ ನಿಂತಿದ್ದ ರೀತಿಯೇ ಕಾರಣ.

ಅಮ್ಮ ಏನೂ ನೋಡಲಿಲ್ಲ. ಕತ್ತಲಿಗೆ ಕಾಲಿಟ್ಟ ತಕ್ಷಣ ತಮ್ಮ ಕಿರುಚತೊಡಗಿದ. ಅಮ್ಮ ಅವನನ್ನು ಎತ್ತಿಕೊಂಡು ಹೊರಗೆ ಹೋಗಿ ಮರದ ಕೆಳಗೆ ಕೂತರು. ನಾವು ಹೊರಗೆ ಬಂದ ಮೇಲೆ ಅಪ್ಪ, "ನೀನು ಹೋಗಿ ನೋಡ್ಕೊಂಡು ಬಾ, ಇವನ್ನ ನಾನಿಟ್ಕೊಳ್ತೀನಿ" ಎಂದರು. ತಮ್ಮ ಅಪ್ಪನ ಹತ್ತಿರ ಎರಡು ನಿಮಿಷ ಇರಲಿಲ್ಲ. "ಬಿಡಿ, ಮೀನು ನಾನ್ ಕಾಣ್ದಿರೋದಾ" ಎಂದು ಅಮ್ಮ ಪುಳಿಯೋಗರೆ ಬಡಿಸಿದರು. ಊಟವಾದ ಮೇಲೆ ಬಾಲಭವನದ ಪುಟಾಣಿ ರೈಲು ಹತ್ತಿದ್ದು ನಾವು ಮಕ್ಕಳು. ವಿಶ್ವೇಶ್ವರಯ್ಯ ಮ್ಯೂಸಿಯಂ ಒಳಗೆ ಹೋದದ್ದು ಅಪ್ಪ ಮತ್ತು ನಾನು. ಊರಿಗೆ ಬಂದು ವರ್ಷಗಟ್ಟಲೆ "ನಾವೆಲ್ಲ ಮತ್ಸ್ಯಾಲಯ ನೋಡಿದ್ವಿ" ಎಂದು ಹೇಳಿಕೊಂಡೆವು. ಆ ಎಲ್ಲರಲ್ಲಿ ಅಮ್ಮ ಇರಲಿಲ್ಲ ಎಂದು ಮನೆಯಲ್ಲಿ ಯಾರೂ ತಿದ್ದಲಿಲ್ಲ, ಅಮ್ಮನೂ ಕೂಡ.

ಹಳೆಯ ಕಾಲದ ಕುಟುಂಬ ಪ್ರವಾಸಗಳನ್ನು ಹೊಗಳುವ ಬರಹ ಓದುವಾಗಲೆಲ್ಲ ಮಗುವನ್ನು ಎತ್ತಿಕೊಂಡು ಹೊರಗೆ ಕೂತವರು ಯಾರು ಎಂಬ ಪ್ರಶ್ನೆ ನನಗೆ ಬರುತ್ತದೆ.

ಕೆರೆಯ ವಿಷಯದಲ್ಲೂ ನಾನು ಬರೀ ಸವಿ ಹೇಳಲಾರೆ. ಬೇಸಿಗೆಯಲ್ಲಿ ನೀರು ತಳ ಮುಟ್ಟಿದಾಗ, ಹರಾಜಿನಲ್ಲಿ ಮೀನು ಹಿಡಿದವನು ದೊಡ್ಡ ಬಲೆ ಎಳೆದು ಮುಗಿಸಿದ ಮೇಲೆ, ಕೆರೆಯನ್ನು ಊರಿಗೆ ಬಿಡುತ್ತಿದ್ದರು. ಕೂಳಿ, ಹರಿದ ಬಲೆ, ಸೀರೆಯ ತುಂಡು, ಬರಿಗೈ, ಯಾರಿಗೆ ಏನು ಸಿಕ್ಕಿತೋ ಅದು. ಕೆಸರಿನೊಳಗೆ ಕೈ ತೂರಿಸಿ ಕೊರವ ಹಿಡಿಯುವುದು ಒಂದು ವಿದ್ಯೆ. ಕೊರವ ಮೇಲೆ ಬಂದು ಗಾಳಿ ಕುಡಿಯುವ ಮೀನು, ಆದ್ದರಿಂದಲೇ ಕೆರೆ ಬತ್ತಿದರೂ ಹಸಿ ಕೆಸರಿನಲ್ಲಿ ದಿನಗಟ್ಟಲೆ ಬದುಕುತ್ತದೆ. ನಮ್ಮ ಸೀಮೆಗೆ ಹೇಳಿ ಮಾಡಿಸಿದ ಮೀನು. ಚೇಳುಮೀನಿನ ಮುಳ್ಳು ತಗುಲಿದರೆ ಮೊಣಕೈ ತನಕ ಉರಿ. ಇದೆಲ್ಲ ಇತ್ತು. ಜೊತೆಗೆ ಯಾರು ಎಲ್ಲಿ ಇಳಿಯಬೇಕು ಎಂಬುದೂ ಇತ್ತು. ಕೇರಿಯವರು ನೀರಿಗೆ ಇಳಿಯುವ ಕಡೆ ಬೇರೆ, ಊರಿನವರದು ಬೇರೆ. ಕಬ್ಬನ್ ಪಾರ್ಕಿನ ಟಿಕೆಟ್ ಕಿಟಕಿಯ ಮುಂದೆ ಎಲ್ಲರಿಗೂ ಒಂದೇ ಸಾಲು ಇತ್ತು. ಅವೆರಡರಲ್ಲಿ ಯಾವುದು ಸರಿ ಎಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಿಲ್ಲ.

ಹುಡುಗಿಯರು ಈಜು ಕಲಿಯುವುದೂ ಇರಲಿಲ್ಲ. ನಾವು ಹುಡುಗರು ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ತೂಬಿನ ಹತ್ತಿರ ಕಲಿತೆವು. ದೊಡ್ಡ ಹುಡುಗರು ಕಲಿಸುತ್ತಿದ್ದರು. ಎಲ್ಲಿ ಹೂಳು, ಎಲ್ಲಿ ಮಣ್ಣು ತೆಗೆದ ಗುಂಡಿ, ಯಾವ ತಿಂಗಳಲ್ಲಿ ಎಷ್ಟಾಳು ನೀರು ಎನ್ನುವುದು ಪ್ರತಿ ಹುಡುಗನಿಗೂ ಗೊತ್ತಿತ್ತು. ತಂಗಿ ಏರಿಯ ಮೇಲೆ ನಮ್ಮ ಬಟ್ಟೆ ಕಾಯುತ್ತಿದ್ದಳು.

ಆಮೇಲಿನ ಕಥೆ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯವರಿಗೆಲ್ಲ ಗೊತ್ತು. ತೆರೆದ ಬಾವಿಗಳು ಬತ್ತಿದವು. ಬೋರ್‌ವೆಲ್ 300 ಅಡಿಯಿಂದ 1,000ಕ್ಕೆ, ಅಲ್ಲಿಂದ 1,500ಕ್ಕೆ ಇಳಿದವು. ಕೆರೆಗೆ ನೀರು ತರುವ ಕಾಲುವೆಗಳು ಒತ್ತುವರಿಯಾದವು, ಮೇಲಿನ ಗುಡ್ಡದಲ್ಲಿ ನೀಲಗಿರಿ ಬೆಳೆಯಿತು, ಕೆರೆಯ ಅಂಗಳದಲ್ಲಿ ಬಳ್ಳಾರಿ ಜಾಲಿ. ಆಳದ ನೀರಿನ ಜೊತೆ ಫ್ಲೋರೈಡ್ ಬಂತು, ಅದರ ಹಿಂದೆ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುವ ಶುದ್ಧ ನೀರಿನ ಘಟಕ. ಮೀನು ಆಂಧ್ರದಿಂದ ಐಸ್ ಪೆಟ್ಟಿಗೆಯಲ್ಲಿ ಬಂತು. ಕೆರೆ ಇತ್ತು, ಏರಿ ಇತ್ತು, ತೂಬು ಇತ್ತು. ಆ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಹುಟ್ಟಿದ ಮಕ್ಕಳಿಗೆ ಅದು ಕ್ರಿಕೆಟ್ ಆಡುವ ಜಾಗ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕಡೆ ಹರಿಸಲು ಶುರು ಮಾಡಿದರು. ಕೋಲಾರ ಜಿಲ್ಲೆಯ ಮತ್ತು ಚಿಂತಾಮಣಿ ತಾಲ್ಲೂಕಿನ ಒಟ್ಟು 126 ಕೆರೆಗಳು ಆ ಯೋಜನೆಯಲ್ಲಿದ್ದವು. ಮೊದಲು ತುಂಬಿದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದು ಪತ್ರಿಕೆಯಲ್ಲಿ ಬಂತು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕು ಎನ್ನುವವರ ಜೊತೆ ನಾನಿದ್ದೇನೆ. ಈ ನೀರಿನ ಕೆರೆಯ ಕೆಳಗಿನ ಬೋರ್‌ವೆಲ್‌ಗಳಿಗೆ ಜೀವ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನೂ ಅಲ್ಲಗಳೆಯಲಾರೆ. ಮಹಾನಗರದ ಸ್ನಾನದ ನೀರು, ಪಾತ್ರೆ ತೊಳೆದ ನೀರು ಇಲ್ಲಿ ಕೆರೆಯಾಗಿ ನಿಂತಿದೆ. ಇನ್ನೊಂದು ಕಡೆ ಎತ್ತಿನಹೊಳೆಯ ನೀರು ಬರುತ್ತದೆಂದು 2014ರಲ್ಲಿ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಅಡಿಗಲ್ಲು ಬಿತ್ತು. ಅದಕ್ಕೆ ಇನ್ನೂ ಕಾಯುತ್ತಿದ್ದೇವೆ. ಇದರ ನಡುವೆ 2021ರ ನವೆಂಬರ್‌ನಲ್ಲಿ ಯಾರೂ ಎಣಿಸದ ಮಳೆ ಹುಯ್ದು, ಕೊಯ್ಲಿಗೆ ಬಂದ ರಾಗಿಯನ್ನು ಮೊಳಕೆ ಬರಿಸಿ, ಟೊಮೆಟೊ ಕೊಳೆಸಿ, ಎರಡು ಜಿಲ್ಲೆಯ ಕೆರೆಗಳನ್ನು ಕೋಡಿ ಹರಿಸಿತು. ನಮ್ಮ ಮಕ್ಕಳು ತುಂಬಿದ ಕೆರೆ ನೋಡಿದ್ದು ಆಗ.

ಮಕ್ಕಳಿಗೆ ಮೀನು ತೋರಿಸಲು ನಾನು ಚೆನ್ನೈಗೆ ಹೋದದ್ದು ಅದಕ್ಕೂ ಈಚೆಗೆ. ಈಗಲೂ ಹುಳುವಿನ ಲೆಕ್ಕ ನೋಡಿಯೇ ಹೊರಟೆವು. ಬಾಡಿಗೆಗೆ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ನಾನು, ಹೆಂಡತಿ, ಇಬ್ಬರು ಮಕ್ಕಳು, ತಂಗಿ, ಅವಳ ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ಅಮ್ಮ. ಅಪ್ಪ ಇಲ್ಲ. ನಡುರಾತ್ರಿ ಕಳೆದ ಮೇಲೆ ಊರು ಬಿಟ್ಟೆವು. ಮಕ್ಕಳು ಮುಳಬಾಗಿಲು ಬರುವ ಮುಂಚೆಯೇ ನಿದ್ದೆಹೋದರು, ಅಮ್ಮ ಮಾತ್ರ ಎದ್ದು ಕಿಟಕಿಯ ಪಕ್ಕ ಕೂತಿದ್ದರು. ರಾಣಿಪೇಟೆಯ ಹತ್ತಿರ ಹೊಳೆಯ ಪಾತ್ರ ಕಂಡಾಗ, "ಇದ್ಯಾವ ಹೊಳೆನೋ, ಬರೀ ಮರಳು?" ಎಂದರು. ಪಾಲಾರ್ ಅಮ್ಮ, ನಮ್ಮ ಕಡೆದೇ ಎಂದೆ. "ನೀರೆಲ್ಲ ನಮ್ಮ ಕೆರೇಲೇ ನಿಂತ್ಕೊಂಡ್ರೆ ಇವ್ರಿಗೇನು ಬರುತ್ತೆ" ಎಂದರು. ಮೈಸೂರು ಮತ್ತು ಮದ್ರಾಸ್ ಸರ್ಕಾರಗಳು 1892ರಲ್ಲಿ ಒಪ್ಪಂದ ಮಾಡಿಕೊಂಡದ್ದು ಈ ಮಾತಿನ ಮೇಲೆಯೇ: ಮೇಲಿನವರು ಹೊಸ ಕೆರೆ ಕಟ್ಟುವ ಮುಂಚೆ ಕೆಳಗಿನವರನ್ನು ಕೇಳಬೇಕು. ಪಾಲಾರ್ ಆ ಪಟ್ಟಿಯಲ್ಲಿದೆ.

ಮದ್ರಾಸಿನವರಿಗೆ ಮತ್ಸ್ಯಾಲಯ ಹೊಸದಲ್ಲ. ಮರೀನಾ ಕಡಲದಂಡೆಯಲ್ಲಿ 1909ರಲ್ಲೇ ಒಂದನ್ನು ತೆರೆದಿದ್ದರು. ಅದು ಆ ಊರಿನ ಸರ್ಕಾರಿ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್‌ನ ಯೋಜನೆ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನೆಲ್ಲ ಏಳು ಸಂಪುಟಗಳಲ್ಲಿ ಪಟ್ಟಿ ಮಾಡಿದವನೂ ಅವನೇ, ಆ ಸಂಪುಟಗಳು ಹೊರಬಂದದ್ದೂ 1909ರಲ್ಲೇ. ಆ ಹಳೆಯ ಮತ್ಸ್ಯಾಲಯ ಈಗಿಲ್ಲ. ನಾವು ಹೋದದ್ದು ಈಸ್ಟ್ ಕೋಸ್ಟ್ ರೋಡಿನ ಇಂಜಂಬಾಕ್ಕಮ್‌ನಲ್ಲಿ 2019ರಲ್ಲಿ ತೆರೆದ ವಿ.ಜಿ.ಪಿ. ಮರೀನ್ ಕಿಂಗ್‌ಡಮ್‌ಗೆ. ಒಬ್ಬೊಬ್ಬರ ಟಿಕೆಟ್ಟಿಗೂ ನೂರಾರು ರೂಪಾಯಿ. ಗೂಡಿನ ದುಡ್ಡೇ ಇದಕ್ಕೂ.

ಅಲ್ಲಿ ದಾರಿಯೇ ನೀರಿನ ದಾರಿ. ಮಳೆಕಾಡಿನ ತೊರೆಯ ಮೀನಿನಿಂದ ಶುರುವಾಗಿ, ಕಾಂಡ್ಲಾ ಕಾಡಿನ ಹಿನ್ನೀರು, ಕರಾವಳಿ, ಕೊನೆಗೆ ಆಳ ಸಮುದ್ರ. ಆ ಕೊನೆಯ ಭಾಗದಲ್ಲಿ ನೀರಿನೊಳಗೆ ಕಮಾನಿನ ಸುರಂಗ. ದಪ್ಪ ಅಕ್ರಿಲಿಕ್ಕಿನ ಆಚೆ ತಲೆಯ ಮೇಲೆ ತೊರಕೆ ಮೀನು ಹಾದುಹೋಗುತ್ತದೆ, ಅದರ ಹೊಟ್ಟೆಯ ಬಿಳುಪು, ಬಾಯಿ, ಕಿವಿರಿನ ಸೀಳು ಎಲ್ಲ ಕಾಣುತ್ತದೆ. ನೀರು ಬೆಳಕನ್ನು ಬಾಗಿಸುವುದರಿಂದ ಚಪ್ಪಟೆ ಗಾಜಿನ ಹಿಂದಿನ ಮೀನು ಇರುವುದಕ್ಕಿಂತ ಕಾಲುಭಾಗ ಹತ್ತಿರ ಕಾಣುತ್ತದೆ; ಇಂಥ ಬಾಗಿದ ಕಮಾನಿನಡಿ ನಿಂತರೆ ಇರುವುದಕ್ಕಿಂತ ಚಿಕ್ಕದಾಗಿ. ಚಿಕ್ಕದಾಗಿ ಕಂಡರೂ ಶಾರ್ಕು ಬಂದಾಗ ತಂಗಿಯ ಮಗ ನನ್ನ ಕಾಲು ಹಿಡಿದುಕೊಂಡ. ಕೆಲವು ಜಾತಿಯ ಶಾರ್ಕುಗಳು ಈಜುತ್ತಲೇ ಇರಬೇಕು, ನಿಂತರೆ ಕಿವಿರಿನ ಮೂಲಕ ನೀರು ಹಾಯದೆ ಉಸಿರು ಸಿಕ್ಕುವುದಿಲ್ಲ ಎಂದು ಅವನಿಗೆ ಹೇಳಿದೆ. ಪಾಪ, ಮಲಗಲ್ವಾ ಎಂದು ಕೇಳಿದ.

ಮಗಳು ಕೇಳಿದ್ದು ಬೇರೆ. "ಅಪ್ಪಾ, ಈ ನೀರಿನ ಟಿಡಿಎಸ್ ಎಷ್ಟಿರುತ್ತೆ?" ನೀರಿನಲ್ಲಿ ಕರಗಿದ ಲವಣಗಳ ಆ ಅಂಕಿಯನ್ನು ಶುದ್ಧ ನೀರಿನ ಘಟಕದ ಗೋಡೆಯ ಮೇಲೆ ನೋಡಿ ಬೆಳೆದ ಮಕ್ಕಳು. ಕುಡಿಯುವ ನೀರಿಗೆ 500 ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಾಗ 2,000ದ ತನಕ ನಡೆಯುತ್ತದೆ, ಸಮುದ್ರದ್ದು 35,000ದ ಆಸುಪಾಸು ಎಂದೆ. ಅವಳು ಗಾಜಿನ ಆಚೆಯ ನೀರನ್ನು ಬಹಳ ಹೊತ್ತು ನೋಡಿದಳು. ಈ ಪ್ರಶ್ನೆ ನನಗೆ ಅವಳ ವಯಸ್ಸಿನಲ್ಲಿ ಹೊಳೆಯುವ ಸಾಧ್ಯತೆಯೇ ಇರಲಿಲ್ಲ. ನೀರಿನೊಳಗೆ ಏನು ಕರಗಿದೆ ಎಂಬ ಅರಿವು ಅವರ ತಲೆಮಾರಿಗೆ ನಮಗಿಂತ ಹೆಚ್ಚು.

ಅಮ್ಮ ಸುರಂಗದ ಪಕ್ಕದ ಬೆಂಚಿನ ಮೇಲೆ ಕೂತು ಎಲ್ಲವನ್ನೂ ನೋಡಿದರು. ಎಳೆಯ ಮಗುವೊಂದು ನಮ್ಮ ಗುಂಪಿನಲ್ಲೂ ಇತ್ತು, ತಂಗಿಯ ಕಿರಿಯದು. ಅದು ಅತ್ತಾಗ ಎತ್ತಿಕೊಂಡು ಹೊರಗೆ ಹೋದವನು ನಾನು. ಮರಳಿ ಬಂದಾಗ ಅಮ್ಮ ಅಲ್ಲೇ ಕೂತಿದ್ದರು. "ಇಷ್ಟು ನೀರಿಗೆ ಮೋಟ್ರು ಹಗಲೂ ರಾತ್ರಿ ಓಡ್ಬೇಕಲ್ವೇನೋ? ಕರೆಂಟ್ ಹೋದ್ರೆ ಏನ್ ಮಾಡ್ತಾರೆ?" ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟಿಗೆ ಕಾದು ಹೊಲ ನೋಡಿಕೊಂಡವರ ಪ್ರಶ್ನೆ. ಜನರೇಟರ್ ಇರುತ್ತದೆ ಎಂದೆ. ಮೀನಿನ ಹೇಲು, ಉಳಿದ ಮೇವು ಕೊಳೆತರೆ ಅಮೋನಿಯ ಆಗುತ್ತದೆ, ಅದನ್ನು ತಿಂದು ಬದಲಿಸುವ ಸೂಕ್ಷ್ಮಜೀವಿಗಳನ್ನು ಶೋಧಕದಲ್ಲಿ ಸಾಕಿರುತ್ತಾರೆ. ಹೊಸ ಮೀನು ತಂದರೆ ವಾರಗಟ್ಟಲೆ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ನೋಡಿ ಆಮೇಲೆ ಬಿಡುತ್ತಾರೆ ಎಂದು ನಾನು ಓದಿದ್ದಷ್ಟನ್ನು ಹೇಳಿದೆ. ಅಮ್ಮನಿಗೆ ಅದೇನೂ ಹೊಸದೆನಿಸಲಿಲ್ಲ. "ಹುಳುಮನೆ ಇದ್ದಂಗೆ" ಎಂದರು. ಹಾಸಿಗೆ ಬದಲಿಸುವುದು, ಸುಣ್ಣ ಉದುರಿಸುವುದು, ಸೆಕೆ ಹೆಚ್ಚಾದರೆ ಗೋಣಿ ಒದ್ದೆ ಮಾಡಿ ಕಟ್ಟುವುದು, ಒಂದು ತಟ್ಟೆಗೆ ರೋಗ ಬಂದರೆ ಇಡೀ ಬೆಳೆ ಹೋಗುವುದು, ಇದನ್ನೆಲ್ಲ ಮಾಡಿದ ಕೈಗೆ ಆ ಗಾಜಿನ ಹಿಂದೆ ದುಡಿಯುವವರು ಕಂಡರು. ನಮಗೆ ಯಾರಿಗೂ ಕಂಡಿರಲಿಲ್ಲ. ಅಷ್ಟು ವರ್ಷದ ಹಿಂದೆ ಕಬ್ಬನ್ ಪಾರ್ಕಿನ ಮರದ ಕೆಳಗೆ ಕೂತಿದ್ದಾಗ ಒಳಗಿನ ಮೀನಿನ ಬಗ್ಗೆ ಅಮ್ಮನಿಗೆ ಎಂಥ ಪ್ರಶ್ನೆಗಳಿದ್ದವೋ, ಯಾರೂ ಕೇಳಲಿಲ್ಲ.

ಸಂಜೆ ಕಡಲದಂಡೆಗೆ ಹೋದೆವು. ಚೆನ್ನೈ ಸುತ್ತಿನ ಕಡಲು ಇಳಿಯುವುದಕ್ಕೆ ಒಳ್ಳೆಯದಲ್ಲ. ದಂಡೆ ಬೇಗ ಆಳವಾಗುತ್ತದೆ, ಹಿಂದಕ್ಕೆ ಎಳೆಯುವ ಸೆಳೆತ ಜೋರು, ಪೊಲೀಸರ ಎಚ್ಚರಿಕೆಯ ಬೋರ್ಡುಗಳಿವೆ. ಅಮ್ಮ ಸೀರೆಯ ನೆರಿಗೆ ಎತ್ತಿಕೊಂಡು ಪಾದ ಮುಳುಗುವಷ್ಟು ಮಾತ್ರ ನಿಂತರು. ನನ್ನ ಮಗ ಅಲೆ ಹಿಂದಕ್ಕೆ ಹೋಗುವಾಗ ಅದರ ಜೊತೆಯೇ ಓಡಿದ. ಅವನ ಅಂಗಿ ಹಿಡಿದು ಎಳೆದುಕೊಂಡೆ. ಬೈದಾಗ ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಬೆಳಗಿನಿಂದ ಶಾರ್ಕಿನ ಕೆಳಗೇ ನಡೆದಾಡಿದ್ದಾನೆ, ನೀರು ಅವನಿಗೆ ಏನೂ ಮಾಡಿಲ್ಲ. ನೀರು ಎಳೆಯುತ್ತದೆ, ಕಾಲ ಕೆಳಗಿನ ನೆಲ ಹೋಗುತ್ತದೆ, ಉಸಿರು ಹಿಡಿಯಬೇಕು ಎಂಬುದು ಮೈಗೆ ತಿಳಿಯದೆ ಹತ್ತು ವರ್ಷದ ಹತ್ತಿರ ಬಂದಿದ್ದಾನೆ. ಆ ವಯಸ್ಸಿಗೆ ನಾನು ತೂಬಿನಿಂದ ಕೋಡಿಯ ತನಕ ಈಜುತ್ತಿದ್ದೆ. ನನ್ನ ಹೆಚ್ಚುಗಾರಿಕೆ ಏನಿಲ್ಲ, ಆಗ ಕೆರೆಯಲ್ಲಿ ನೀರಿತ್ತು, ಕಲಿಸುವ ದೊಡ್ಡ ಹುಡುಗರಿದ್ದರು. ಕೆರೆ ಬತ್ತಿದ ವರ್ಷಗಳಲ್ಲಿ ಕಲಿಸುವವರ ಒಂದು ತಲೆಮಾರೇ ತಪ್ಪಿಹೋಯಿತು. ಈಗ ನೀರು ಬಂದಿದೆ, ಈಜು ಬಂದಿಲ್ಲ.

ಇದು ಚೆನ್ನೈಯ ಕಡಲಿನ ಭಯವಲ್ಲ, ನಮ್ಮ ಊರುಗಳದ್ದೇ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಲಹೊಲಕ್ಕೂ ಕೃಷಿ ಹೊಂಡ ಬಂದಿದೆ. ಮಳೆನೀರು ನಿಲ್ಲಿಸಿಕೊಂಡು ಒಂದು ಬೆಳೆ ಉಳಿಸಿಕೊಳ್ಳಲು ಅದರಷ್ಟು ಉಪಕಾರ ಬೇರೆ ಇಲ್ಲ. ಆದರೆ ನೀರು ಇಂಗದಂತೆ ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ಬದಿ ಇಳಿಜಾರು, ಪಾಚಿ ಕಟ್ಟಿದ ಮೇಲೆ ಕಾಲು ನಿಲ್ಲುವುದಿಲ್ಲ. ಕೆರೆಗೆ ಬಿದ್ದವನಿಗೆ ಹಿಡಿಯಲು ಜೊಂಡು, ಬೇರು, ಕಲ್ಲು ಏನಾದರೂ ಸಿಕ್ಕೀತು. ಇಲ್ಲಿ ಏನೂ ಸಿಕ್ಕುವುದಿಲ್ಲ. ಈಜು ಬಂದವನಿಗೂ ಮೇಲೆ ಹತ್ತಲು ಕಷ್ಟ. ಆಡಲು ಹೋದ ಮಕ್ಕಳು, ಅವರನ್ನು ಎತ್ತಲು ಇಳಿದ ತಾಯಂದಿರು ಹೊಂಡಕ್ಕೆ ಬಿದ್ದು ಸತ್ತ ಸುದ್ದಿ ಜಿಲ್ಲೆಯ ಪುಟದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆರೆ ಕಡೆ ಹೋಗಬೇಡ, ಹೊಂಡದ ಹತ್ತಿರ ಸುಳಿಯಬೇಡ ಎಂದು ಹೆದರಿಸುವುದಷ್ಟೇ ಈಗ ನಮ್ಮ ಮನೆಗಳಲ್ಲಿ ನೀರಿನ ಪಾಠ.

ಚೆನ್ನೈಯಿಂದ ಬಂದ ಮೇಲೆ ತಂಗಿಯೂ ನಾನೂ ಕೂತು ಮಾತಾಡಿದೆವು. ಪಕ್ಕದ ತೋಟದವರ ಹೊಂಡದಲ್ಲಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ. ಮೊದಲು ನಾಲ್ಕೂ ಬದಿಗೆ ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಇಳಿಬಿಟ್ಟು ಮೇಲೆ ಕಲ್ಲುಕಂಬಕ್ಕೆ ಕಟ್ಟಿದೆವು, ಒಂದು ಬದಿಗೆ ಹಳೆಯ ಟೈರುಗಳನ್ನು ಮೆಟ್ಟಿಲಾಗಿ ಬಿಗಿದೆವು. ಸೋರೆಬುರುಡೆ ಈಗ ಸಿಕ್ಕುವುದಿಲ್ಲ. ಐದು ಲೀಟರಿನ ಎಣ್ಣೆ ಕ್ಯಾನಿನ ಮುಚ್ಚಳ ಬಿಗಿ ಮಾಡಿ ಬೆನ್ನಿಗೆ ಕಟ್ಟುತ್ತೇವೆ, ಸೊಂಟಕ್ಕೆ ಹಗ್ಗ. ಮಗಳು ಕ್ಯಾನು ಬಿಟ್ಟು ಅಡ್ಡ ದಾಟುತ್ತಾಳೆ. ಮಗ ಇನ್ನೂ ಕ್ಯಾನು ಬಿಡಲು ಒಪ್ಪಿಲ್ಲ. ತಂಗಿ ಈ ವಯಸ್ಸಿನಲ್ಲಿ ನಾನೂ ಇಳಿಯುತ್ತೇನೆ ಎಂದು ಹಳೆಯ ಚೂಡಿದಾರ್ ತಂದಿಟ್ಟಿದ್ದಾಳೆ. ಹಗ್ಗ ನೋಡಿ ಆಚೆ ತೋಟದವರೂ ತಮ್ಮ ಹೊಂಡಕ್ಕೆ ಕಟ್ಟಿದರು. ಕೇರಿಯ ಇಬ್ಬರು ಹುಡುಗರು ಹೋದ ವಾರದಿಂದ ಬರುತ್ತಿದ್ದಾರೆ. ಅವರಲ್ಲಿ ದೊಡ್ಡವನಿಗೆ ಆಗಲೇ ಚೆನ್ನಾಗಿ ಬರುತ್ತದೆ, ಚಿಕ್ಕವರಿಗೆ ಕೈ ಬಡಿಯುವುದನ್ನು ಅವನೇ ಹೇಳಿಕೊಡುತ್ತಾನೆ.